ನಾಲ್ಕನೆಯ ಮಗ್ಗದ ಅಳತೆ

ದೊಡ್ಡದನ್ನು ಸಣ್ಣದು ಮಾಡುವುದು, ಸಣ್ಣದನ್ನು ದೊಡ್ಡದು ಮಾಡುವುದು. ನನ್ನ ಇಡೀ ನೌಕರಿಯನ್ನು ಒಂದೇ ಉಸಿರಿನಲ್ಲಿ ಹೇಳು ಎಂದರೆ ಇಷ್ಟೇ. ನಾಗಪುರದ ರಾಮದಾಸಪೇಠಿನಲ್ಲಿ, ಒಂದು ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಸಣ್ಣ ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ನಾನು ನಕ್ಷೆ ಬರೆಯುವವಳಾಗಿದ್ದೆ. ಮೊದಲು ಕೈಯಿಂದ, ಆಮೇಲೆ ಕಂಪ್ಯೂಟರಿನಲ್ಲಿ. ಬಡ್ತಿ ಯಾವಾಗ ಸಿಕ್ಕಿತು, ಪಗಾರ ಎಷ್ಟು ಏರಿತು ಎಂಬುದನ್ನೆಲ್ಲ ಕೇಳಿ ನಿಮಗೇನೂ ಆಗಬೇಕಾದ್ದಿಲ್ಲ. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮೌಸ್ ಹಿಡಿದ ಮೊದಲ ದಿನವೇ ಸ್ಕೇಲ್ ಎಂಬ ಆಜ್ಞೆ ಕಲಿತು, ಇದೇನು ಮಹಾ ಎಂದು ಮುಂದೆ ಹೋಗುತ್ತಾರಲ್ಲ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದು ಮಹಾ ಹೌದು. ಸ್ವಲ್ಪ ಕೂತು ಕೇಳಿ.

ನಾನು ಗದಗಿನವಳು. ಹುಬ್ಬಳ್ಳಿಯ ಐಟಿಐಯಲ್ಲಿ ನಕ್ಷೆಗಾರಿಕೆ ಕಲಿತೆ. ಮದುವೆಯಾಗಿ ಬ್ಯಾಂಕಿನ ಗುಮಾಸ್ತನ ಹಿಂದೆ ನಾಗಪುರಕ್ಕೆ ಬಂದೆ. ಬಂದ ಮೊದಲ ಬೇಸಿಗೆಯಲ್ಲೇ ಊರು ಬಿಟ್ಟು ಓಡಿಹೋಗಬೇಕು ಅನ್ನಿಸಿತ್ತು, ಅಂಥ ಬಿಸಿಲು. ಕೆಲಸ ಹುಡುಕುತ್ತ ಈ ಕಚೇರಿಯ ಮೆಟ್ಟಿಲು ಹತ್ತಿದಾಗ ಒಳಗಿನಿಂದ ಯಾರೋ ಕನ್ನಡದಲ್ಲಿ ಗೊಣಗುವುದು ಕೇಳಿಸಿತು. ಅವರು ಅಲ್ಲಿಯ ಹೆಡ್ ಡ್ರಾಫ್ಟ್ಸ್‌ಮನ್, ಬೈಲಹೊಂಗಲ ಕಡೆಯ ಹಿರೇಮಠರು. ನನಗೆ ಆ ದಿನದಿಂದ ಹಿರೇಮಠ ಕಾಕಾ. ಮಾಲೀಕರು ಚೌಧರಿ ಸಾಹೇಬರು. ಮರಾಠಿಯಲ್ಲೇ ಮಾತು, ಅದೂ ಅಳೆದು ಸುರಿದು. ಕಾಕಾ ನನ್ನ ಕೈಬರಹ ನೋಡಿ, ಹುಡುಗಿ ಬರೋಬರ್ ಇದ್ದಾಳೆ ಎಂದು ಸಾಹೇಬರಿಗೆ ಹೇಳಿದರು. ಅಷ್ಟರಲ್ಲೇ ನನ್ನ ಸಂದರ್ಶನ ಮುಗಿಯಿತು.

ಆಗಿನ ಕೆಲಸ ಎಂದರೆ ಬಗ್ಗಿದ ಬೆನ್ನು. ದೊಡ್ಡ ಹಲಗೆಯ ಮೇಲೆ ಟ್ರೇಸಿಂಗ್ ಕಾಗದ, ಮಸಿ ಪೆನ್ನು, ತಪ್ಪಾದರೆ ಕೆರೆದು ತೆಗೆಯಲು ಅರ್ಧ ಬ್ಲೇಡು. ಒಂದು ನಕ್ಷೆಯನ್ನು ದೊಡ್ಡದು ಮಾಡಬೇಕೆಂದರೆ ಬೇರೆ ದಾರಿಯೇ ಇರಲಿಲ್ಲ, ಪ್ರತಿ ಗೆರೆಯನ್ನೂ ಮತ್ತೆ ಅಳೆದು ಹೊಸದಾಗಿ ಬರೆಯಬೇಕು. ಬಾಗಿಲು, ಕಿಟಕಿ, ಮೆಟ್ಟಿಲು ಎಲ್ಲವೂ ಕೈ ಕೆಳಗೆ ಒಂದೊಂದಾಗಿ ಹಾದುಹೋಗುತ್ತಿದ್ದವು. ಬೇಸರದ ಕೆಲಸ, ಸುಳ್ಳು ಯಾಕೆ ಹೇಳಲಿ. ಆದರೆ ನೂರು ಸಲ ಬರೆದ ಮೇಲೆ ಒಂದು ಬಾಗಿಲು ಎಷ್ಟಿರಬೇಕು ಎನ್ನುವುದು ತಲೆಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು.

ಬೇಸಿಗೆಯಲ್ಲಿ ನಮ್ಮ ದೊಡ್ಡ ವೈರಿ ಕೂಲರ್. ನಾಗಪುರದಲ್ಲಿ ಕೂಲರ್ ಇಲ್ಲದೆ ಮನುಷ್ಯ ಬದುಕುವುದಿಲ್ಲ, ಕೂಲರಿನ ತೇವದ ಗಾಳಿಗೆ ಟ್ರೇಸಿಂಗ್ ಕಾಗದ ಬದುಕುವುದಿಲ್ಲ. ಬೆಳಗ್ಗೆ ಒಣಗಿದ ಕಾಗದದ ಮೇಲೆ ಎಳೆದ ಗೆರೆ ಮಧ್ಯಾಹ್ನ ಉಬ್ಬಿ ಬೇರೆಯೇ ಅಳತೆ ತೋರಿಸುತ್ತಿತ್ತು. ಹೀಗಾಗಿ ಕಾಕಾ ಮುಖ್ಯವಾದ ನಕ್ಷೆ ಹಿಡಿದ ದಿನ ಕೂಲರ್ ಬಂದ್. ನಾವೆಲ್ಲ ಬೆವರಿನಲ್ಲಿ ತೊಯ್ದು ತೊಪ್ಪೆಯಾಗಿ, ಬೆವರಿನ ಹನಿ ಕಾಗದದ ಮೇಲೆ ಬೀಳದಂತೆ ಹಣೆಗೆ ಟವೆಲ್ ಕಟ್ಟಿಕೊಂಡು ಕೂರುತ್ತಿದ್ದೆವು. ಕೆಳಗಿನ ಔಷಧ ಅಂಗಡಿಯವನು ಒಮ್ಮೆ ಮೇಲೆ ಬಂದವನು, ಇಷ್ಟು ಜನಕ್ಕೂ ಒಟ್ಟಿಗೇ ತಲೆನೋವೇ ಎಂದು ಕೇಳಿದ್ದ.

ತೊಂಬತ್ತರ ದಶಕದ ನಡುವೆ ಕಂಪ್ಯೂಟರ್ ಬಂತು. ಒಂದೇ ಒಂದು. ಅದಕ್ಕೊಂದು ಗಾಜಿನ ಕೋಣೆ, ಅದಕ್ಕೊಂದು ಏಸಿ. ನಮಗೆ ಇಲ್ಲದ ಏಸಿ ಅದಕ್ಕೆ ಸಿಕ್ಕಿದ್ದು ನೋಡಿ ನಮಗೆ ಹೊಟ್ಟೆಕಿಚ್ಚು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಪೂಜೆಗೆ ತೆಂಗಿನಕಾಯಿ ತಂದಾಗ ಅದನ್ನು ಮಾರಿದ ಕಂಪನಿಯ ಹುಡುಗ ಗಾಬರಿಯಾಗಿ, ನೀರು ಒಳಗೆ ತರಬೇಡಿ ಎಂದು ಕೈ ಮುಗಿದ. ಕಾಯಿಯನ್ನು ಮೆಟ್ಟಿಲ ಮೇಲೆ ಒಡೆದೆವು. ಸಾಹೇಬರು ನನ್ನನ್ನೂ ಕಾಕಾರನ್ನೂ ಸೀತಾಬರ್ಡಿಯ ಒಂದು ಕ್ಲಾಸಿಗೆ ಕಳಿಸಿದರು. ಅಲ್ಲಿ ನಮಗೆ ಕಲಿಸಿದವನು ಕಾಕಾರ ಕಿರಿಯ ಮಗನ ವಯಸ್ಸಿನವನು. ಕಾಕಾ ಅವನನ್ನು ಸರ್ ಎಂದೇ ಕರೆದರು, ಒಂದು ದಿನವೂ ತಪ್ಪಿಸಲಿಲ್ಲ.

ಕಂಪ್ಯೂಟರಿನಲ್ಲಿ ಮನೆಯನ್ನು ಅದು ಇರುವ ಅಳತೆಗೇ ಬರೆಯಬೇಕು, ಮುದ್ರಿಸುವಾಗ ಮಾತ್ರ ಕುಗ್ಗಿಸಬೇಕು. ಕೇಳಲು ಎಷ್ಟು ಸರಳ. ಆದರೆ ಜೀವನವಿಡೀ ನೂರರಿಂದ ಭಾಗಿಸಿ ಗೆರೆ ಎಳೆದ ತಲೆಗೆ ಅದು ಹತ್ತಬೇಕಲ್ಲ? ಕಾಕಾ ತಮ್ಮ ಮೊದಲ ಬಂಗಲೆಯನ್ನು ಅಭ್ಯಾಸಬಲದಿಂದ ಭಾಗಿಸಿಯೇ ಬರೆದರು. ಯಂತ್ರ ಅದನ್ನು ಇನ್ನೊಮ್ಮೆ ಭಾಗಿಸಿತು. ಅಷ್ಟು ದೊಡ್ಡ ಕಾಗದ ಹೊರಗೆ ಬಂದಾಗ ನಡುವೆ ಎಳ್ಳಿನಷ್ಟು ಒಂದು ಚುಕ್ಕೆ. ಸಾಹೇಬರು ಮಸಿ ಸೋರಿದೆ ಎಂದುಕೊಂಡು ಒರೆಸಲು ಹೋದರು. ಅದು ಐದು ಕೋಣೆಯ ಬಂಗಲೆ ಎಂದು ಕಾಕಾ ಗಂಭೀರವಾಗಿ ಹೇಳಿದ ಮೇಲೆ ನಾವು ನಕ್ಕ ನಗು ಕೆಳಗಿನ ಅಂಗಡಿಗೂ ಕೇಳಿಸಿತಂತೆ.

ನನ್ನದೂ ಕಡಿಮೆಯೇನಿರಲಿಲ್ಲ. ಏನನ್ನಾದರೂ ಹಿಗ್ಗಿಸುವಾಗ ಯಾವ ಬಿಂದುವನ್ನು ಹಿಡಿದುಕೊಂಡು ಹಿಗ್ಗಿಸಬೇಕು ಎಂದು ಯಂತ್ರ ಕೇಳುತ್ತದೆ. ಆ ಬಿಂದು ಅಲುಗುವುದಿಲ್ಲ, ಉಳಿದದ್ದೆಲ್ಲ ಅದರಿಂದ ದೂರ ಸರಿಯುತ್ತದೆ. ನಾನು ಅದನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳದೆ ಎಲ್ಲೋ ಒಂದು ಕಡೆ ಒತ್ತಿಬಿಟ್ಟೆ. ಒಬ್ಬ ಡಾಕ್ಟರ ಮನೆಯ ನೀರಿನ ಟಾಕಿ ಕಾಂಪೌಂಡು ಹಾರಿ ಪಕ್ಕದವರ ಸೈಟಿನಲ್ಲಿ ಹೋಗಿ ಕೂತಿತು. ಇನ್ನೊಮ್ಮೆ ಮಿಲಿಮೀಟರಿನಲ್ಲಿ ಬರೆದಿಟ್ಟಿದ್ದ ಕಮೋಡನ್ನು ಇಂಚಿನ ನಕ್ಷೆಗೆ ತಂದು ಇಳಿಸಿದೆ. ಅದು ಮನೆ, ಅಂಗಳ, ರಸ್ತೆ ಎಲ್ಲವನ್ನೂ ನುಂಗಿ ಪರದೆಯ ತುಂಬ ಹರಡಿತು. ಚೌಧರಿ ಸಾಹೇಬರು ಕನ್ನಡಕ ಏರಿಸಿ ನೋಡಿ, ಇದರ ಮೇಲೆ ಕೂರುವವನು ಯಾರು, ಕುಂಭಕರ್ಣನೇ ಎಂದು ಮರಾಠಿಯಲ್ಲಿ ತಣ್ಣಗೆ ಕೇಳಿದರು. ಇಂಥ ದೊಡ್ಡ ತಪ್ಪುಗಳಿಗೆ ಹೆದರಬೇಡಿ. ಅವು ತಾವಾಗಿಯೇ ಕೂಗಿ ಹೇಳುತ್ತವೆ. ಹೆದರಬೇಕಾದದ್ದು ಕಣ್ಣಿಗೆ ಚೆಂದ ಕಾಣುವ ತಪ್ಪುಗಳಿಗೆ.

ಅಂಥದ್ದೊಂದು ಪಾಠ ಸಾಹೇಬರಿಂದಲೇ ಸಿಕ್ಕಿತ್ತು. ಸಿವಿಲ್ ಲೈನ್ಸಿನ ಕಡೆಯ ಒಂದು ಹಳೆಯ ಬಂಗಲೆಯ ನಕ್ಷೆಯ ಝೆರಾಕ್ಸ್ ಪ್ರತಿಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದ್ದೆವು. ಹಾಗೆ ಏರಿಸಿದ ಚಿತ್ರಕ್ಕೆ ತನ್ನ ಅಳತೆ ಗೊತ್ತಿರುವುದಿಲ್ಲ. ಗೊತ್ತಿರುವ ಒಂದು ಉದ್ದವನ್ನು ತೋರಿಸಿ, ಇದು ಇಷ್ಟು ಅಡಿ, ಇದರಂತೆ ಎಲ್ಲವನ್ನೂ ಹೊಂದಿಸು ಎಂದು ಯಂತ್ರಕ್ಕೆ ಹೇಳಬೇಕು. ನಾನು ಕೈಗೆ ಸಿಕ್ಕ ಒಂದು ಬಾಗಿಲನ್ನು ತೋರಿಸಿದೆ. ಬಾಗಿಲಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಜಗಲಿಯ ಹೊತ್ತಿಗೆ ಎರಡಡಿ ಹೆಚ್ಚು. ಸಾಹೇಬರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಯಾವಾಗಲೂ ಇರುವುದರಲ್ಲೇ ಉದ್ದನೆಯ ಗೆರೆಯನ್ನು ಹಿಡಿ, ಆಮೇಲೆ ಅದಕ್ಕೆ ಅಡ್ಡಲಾಗಿರುವ ಇನ್ನೊಂದು ಗೆರೆಯನ್ನು ಅಳೆದು ನೋಡು, ಝೆರಾಕ್ಸ್ ಯಂತ್ರ ಚಿತ್ರವನ್ನು ಒಂದು ದಿಕ್ಕಿಗೆ ಮಾತ್ರ ಹಿಗ್ಗಿಸಿರುತ್ತದೆ ಎಂದರು. ಎರಡೂ ದಿಕ್ಕು ನೋಡದೆ ಒಂದು ನಕ್ಷೆಯನ್ನೂ ನಾನು ಮತ್ತೆ ಕೈಬಿಟ್ಟದ್ದಿಲ್ಲ.

ಈಗ ಕಾಮಠಿಯ ಮಾತಿಗೆ ಬರುತ್ತೇನೆ. ಇದನ್ನು ಹೇಳುವುದಕ್ಕಾಗಿಯೇ ಇಷ್ಟು ಪೀಠಿಕೆ.

ಹೊಸ ಶತಮಾನ ಶುರುವಾದ ಹೊಸತು. ನಾಗಪುರದ ಪಕ್ಕದ ಕಾಮಠಿಯಲ್ಲಿ ಕೈಮಗ್ಗದವರು ಬಹಳ. ಅವರ ನಡುವೆ ರಬಕವಿ ಕಡೆಯಿಂದ ಬಂದು ನೆಲೆಸಿದ್ದ ಒಂದು ಕನ್ನಡ ಮನೆ. ಯಜಮಾನ ಮಲ್ಲಪ್ಪ, ಅವರ ಇಬ್ಬರು ಗಂಡುಮಕ್ಕಳು, ಮತ್ತೆ ಮಲ್ಲಪ್ಪನವರ ತೀರಿಹೋದ ತಮ್ಮನ ಹೆಂಡತಿ ಗಂಗವ್ವ. ನಾಲ್ವರಿಗೂ ಒಂದೊಂದು ಮಗ್ಗ. ಗಂಡ ತೀರಿದ ಮೇಲೆ ಅವನ ಮಗ್ಗಕ್ಕೆ ಗಂಗವ್ವ ಕೂತಿದ್ದಳು. ನೇಯ್ದ ಸೀರೆಯ ಕೂಲಿ ಅವಳ ಕೈಗೇ ಬರುತ್ತಿತ್ತು. ಮಗಳನ್ನು ಅದರಲ್ಲೇ ಓದಿಸುತ್ತಿದ್ದಳು. ಅವರೆಲ್ಲ ನೇಯುತ್ತಿದ್ದ ಬಾಡಿಗೆ ಚಾವಡಿಯನ್ನು ಅದರ ಮಾಲೀಕ ಬಿಡಿಸಿಕೊಳ್ಳಲು ಹೊರಟಿದ್ದ. ಹಾಗಾಗಿ ಮಲ್ಲಪ್ಪ ಒಂದು ಸಣ್ಣ ಸೈಟು ಹಿಡಿದು ಸ್ವಂತ ಮಗ್ಗದ ಮನೆ ಕಟ್ಟಲು ಹೊರಟರು. ಹಿರೇಮಠ ಕಾಕಾರ ಗುರುತಿನಿಂದ ಆ ಕೆಲಸ ನಮ್ಮ ಕಚೇರಿಗೆ ಬಂತು.

ಅವರದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದು. ಒಮ್ಮೆ ಕುಣಿ ತೋಡಿ ಸಿಮೆಂಟು ಮೆತ್ತಿ ನೆಲ ಗಿಲಾಯಿ ಮಾಡಿದರೆ ಮುಗಿಯಿತು, ಮಂಚದ ಹಾಗೆ ಆಚೆ ಈಚೆ ಸರಿಸಲು ಬರುವುದಿಲ್ಲ. ಕಾಕಾ ಕಾಮಠಿಗೆ ಹೋಗಿ ಒಂದು ಮಗ್ಗವನ್ನು ಮೂಲೆ ಮೂಲೆ ಅಳೆದು ತಂದರು. ಲಾಳಿ ಓಡಿಬಂದು ನಿಲ್ಲಲೆಂದು ಎರಡೂ ಬದಿಗೆ ಚಾಚುವ ಲಾಳಿ ಪೆಟ್ಟಿಗೆಗಳನ್ನು ಹಿಡಿದು ಅಗಲ ಎಂಟು ಅಡಿ. ಅದನ್ನು ಅವರೇ ಕಂಪ್ಯೂಟರಿನಲ್ಲಿ ಬರೆದು, ನಾಲ್ಕು ಪ್ರತಿ ಮಾಡಿ, ಕಿಟಕಿಗಳ ಸಾಲಿಗೆ ಒಂದರ ಪಕ್ಕ ಒಂದು ಕೂರಿಸಿದರು. ಪ್ರತಿ ಮಗ್ಗದ ಮೇಲೂ ಅವರವರ ಹೆಸರು. ನಾಲ್ಕನೆಯದರ ಮೇಲೆ ಗಂಗವ್ವ. ನಕ್ಷೆ ನೋಡಲು ಮಲ್ಲಪ್ಪನ ಜೊತೆ ಬಂದ ಗಂಗವ್ವ ತನ್ನ ಹೆಸರಿನ ಮೇಲೆ ಬೆರಳಿಟ್ಟು, ಇದು ಖರೇನೇ ನಂದಾ ಎಂದು ಎರಡು ಸಲ ಕೇಳಿದಳು.

ಆಮೇಲೆ ಸೈಟನ್ನು ಮತ್ತೆ ಅಳೆದಾಗ ಪಕ್ಕದವರ ಗೋಡೆ ಒಳಗೆ ಬಂದಿರುವುದು ಗೊತ್ತಾಯಿತು. ಉದ್ದದಲ್ಲಿ ಮೂರು ಅಡಿ ಕಡಿಮೆ. ಜಗಳಕ್ಕೆ ನಿಂತರೆ ವರ್ಷಗಟ್ಟಲೆ ಎಂದು ಮಲ್ಲಪ್ಪ ಇದ್ದದ್ದರಲ್ಲೇ ಕಟ್ಟೋಣ ಎಂದರು. ಕಾಕಾ ಕಂಪ್ಯೂಟರಿನ ಮುಂದೆ ಕೂತು, ಇಡೀ ನಕ್ಷೆಯನ್ನು ಆರಿಸಿ, ರಸ್ತೆ ಕಡೆಯ ಮೂಲೆಯನ್ನು ಹಿಡಿದು, ಹೊಸ ಉದ್ದಕ್ಕೆ ಕುಗ್ಗಿಸಿಬಿಟ್ಟರು. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಆಯಿತು. ಸೈಟಿನೊಳಗೆ ಮನೆ ಹೇಳಿ ಮಾಡಿಸಿದಂತೆ ಕೂತಿತು. ಅದರ ಪ್ರಕಾರವೇ ಕಾಮಠಿಯಲ್ಲಿ ಸುಣ್ಣದ ಪುಡಿ ಚೆಲ್ಲಿ ಪಾಯದ ಗೆರೆಯನ್ನೂ ಎಳೆದು ಬಂದರು. ಅಗೆಯುವುದೊಂದೇ ಬಾಕಿ.

ಅಷ್ಟರಲ್ಲಿ ಸಾಹೇಬರು, ಹಿಂದೆ ಸ್ವಲ್ಪ ಜಾಗ ಉಳಿದಂತಿದೆ, ಅಲ್ಲೊಂದು ಪಾಯಖಾನೆ ಸೇರಿಸು ಎಂದು ಆ ನಕ್ಷೆಯನ್ನು ನನ್ನ ಕೈಗೆ ಕೊಟ್ಟರು. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎಳೆದು ಹಳೆಯ ಗೋಡೆಗೆ ಕೂಡಿಸಲು ಹೋದೆ. ಮುಖ ಕೂಡಲಿಲ್ಲ. ಒಂದು ಕಡೆ ಸೇರಿಸಿದರೆ ಇನ್ನೊಂದು ಕಡೆ ಸಣ್ಣ ಮೆಟ್ಟಿಲಿನ ಹಾಗೆ ಹೊರಗೆ ಚಾಚುತ್ತಿತ್ತು. ನನ್ನದೇ ತಪ್ಪೇನೋ ಎಂದು ಅಳಿಸಿ ಮತ್ತೆ ಎಳೆದೆ. ಮತ್ತೆ ಅದೇ. ಕೊನೆಗೆ ಹಳೆಯ ಗೋಡೆಯನ್ನು ಅಳೆದೆ. ಒಂಬತ್ತು ಇಂಚಿಗಿಂತ ಕಡಿಮೆ. ಯಾವ ಭಟ್ಟಿಯವನೂ ಮಾಡದ ಇಟ್ಟಿಗೆ ಅದು. ಗೋಡೆ ಕುಗ್ಗಿದ್ದರೆ ಉಳಿದದ್ದು? ಮಗ್ಗವನ್ನು ಅಳೆದೆ. ಎಂಟು ಅಡಿಯ ಮಗ್ಗ ಏಳೂವರೆ ಅಡಿಯೂ ಇರಲಿಲ್ಲ.

ತಪ್ಪು ಎಲ್ಲಿತ್ತು ನೋಡಿ. ಕೈಯಿಂದ ಬರೆಯುವ ಕಾಲದಲ್ಲಿ ಕೋಣೆ ಸಣ್ಣದಾದರೆ ಮಗ್ಗವನ್ನು ಮತ್ತೆ ಎಂಟು ಅಡಿ ಎಂದು ಅಳೆದೇ ಬರೆಯಬೇಕಿತ್ತು, ಆಗ ಹಿಡಿಸುವುದಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತಿತ್ತು. ಯಂತ್ರ ಕೋಣೆಯ ಜೊತೆ ಮಗ್ಗವನ್ನೂ ಕುಗ್ಗಿಸಿತು, ಮಗ್ಗಗಳ ನಡುವಿನ ದಾರಿಯನ್ನೂ ಕುಗ್ಗಿಸಿತು. ಎಲ್ಲವೂ ಒಂದೇ ಪ್ರಮಾಣದಲ್ಲಿ ಸಣ್ಣದಾದ್ದರಿಂದ ಕಣ್ಣಿಗೆ ಏನೂ ಬದಲಾಗಿರಲಿಲ್ಲ. ಕೋಣೆಯ ಉದ್ದ ಅಗಲದ ಅಂಕಿಗಳೂ ಹೊಸ ಅಳತೆಗೆ ಸರಿಯಾಗಿಯೇ ಇದ್ದವು. ಮಗ್ಗಕ್ಕೆ ಮಾತ್ರ ಯಾರೂ ಅಂಕಿ ಬರೆದಿರಲಿಲ್ಲ. ನಾನು ನಿಜವಾದ ಅಳತೆಯ ನಾಲ್ಕು ಮಗ್ಗ ತಂದು, ನಡುವೆ ಓಡಾಡುವ ದಾರಿ ಬಿಟ್ಟು, ಆ ಕೋಣೆಯಲ್ಲಿ ಇಳಿಸಿದೆ. ಮೂರು ಆರಾಮಾಗಿ ಕೂತವು. ಗಂಗವ್ವನ ಮಗ್ಗದ ಲಾಳಿ ಪೆಟ್ಟಿಗೆ ಗೋಡೆಯೊಳಗೆ ಒಂದಡಿ ಹೊಕ್ಕಿತು.

ಹಿರಿಯರಿಗೆ ಹೇಗೆ ಹೇಳುವುದು? ಚಹಾ ತಂದು ಕಾಕಾರ ಮುಂದೆ ಇಟ್ಟು, ಸ್ವಲ್ಪ ಬಂದು ನೋಡಿರಿ ಎಂದೆ. ಪರದೆಯ ಮೇಲೆ ಅವರು ಕುಗ್ಗಿಸಿದ್ದ ನಕ್ಷೆಯನ್ನೇ ತೆರೆದಿಟ್ಟಿದ್ದೆ. ಮೊದಲು ಮುಖ ಗಂಟು ಹಾಕಿಕೊಂಡರು.

"ನಾಕೂ ಮಗ್ಗ ಕುಂತಾವಲ್ಲವಾ ತಂಗಿ. ಮತ್ತೇನ ನೋಡೂದೈತಿ?"

"ಕುಂತಾವ ಕಾಕಾ. ಆದ್ರ ಅವು ಮಗ್ಗ ಅಲ್ಲ. ಅಳತಿ ಹಿಡದು ನೋಡ್ರಿ."

ಅವರು ತಾವೇ ಮೌಸ್ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದರು. ಇನ್ನೊಮ್ಮೆ ಅಳೆದರು. ಚಹಾ ಆರಿ ತಣ್ಣಗಾಯಿತು. ತಾವೇ ಕಾಮಠಿಗೆ ಹೋಗಿ, ನೆಲದ ಮೇಲೆ ಮಂಡಿಯೂರಿ, ಟೇಪು ಹಿಡಿದು ಅಳೆದ ಮಗ್ಗ ಅದು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಸಾಹೇಬರಿಗೆ ಹೇಳಲೇಬೇಕಾಯಿತು. ಅವರು ಕೂಗಾಡಲಿಲ್ಲ. ಸೈಟು ಚಿಕ್ಕದಾಗಿದೆ, ಮೂರು ಮಗ್ಗ ಹಿಡಿಸುತ್ತದೆ, ಅವರನ್ನು ಕರೆಸಿ ಹೇಳಿಬಿಡಿ ಎಂದರು. ಅವರ ಲೆಕ್ಕದಲ್ಲಿ ಅದು ನ್ಯಾಯವಾಗಿಯೇ ಇತ್ತು. ಮರುದಿನ ಮಲ್ಲಪ್ಪ, ಗಂಗವ್ವ ಇಬ್ಬರೂ ಬಂದರು. ಮಲ್ಲಪ್ಪ ಕೆಟ್ಟ ಮನುಷ್ಯನಲ್ಲ, ಅವಸರದಲ್ಲಿದ್ದ ಮನುಷ್ಯ. ಬಾಡಿಗೆ ಚಾವಡಿ ಬಿಡುವ ದಿನ ಹತ್ತಿರ ಬಂದಿತ್ತು. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಆಗಲಿ ಸಾಹೇಬ್ರ, ಮೂರಕ್ಕೇ ಮಾಡಿರಿ, ಗಂಗವ್ವ ಕಂಡಿಕೆ ಸುತ್ತಿಕೊಂಡು ಇರುತ್ತಾಳೆ ಎಂದುಬಿಟ್ಟರು. ಕಂಡಿಕೆ ಸುತ್ತುವುದೆಂದರೆ ಬೇರೆಯವರ ಲಾಳಿಗೆ ನೂಲು ತುಂಬಿಕೊಡುವುದು. ಮನೆಯ ಕೆಲಸ ಎಂದು ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ.

ಗಂಗವ್ವ ಭಾವನ ಎದುರಿನಿಂದ ಎದ್ದು ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತಳು. ನಾನು ನೀರು ತೆಗೆದುಕೊಂಡು ಹೋದೆ. ಅಳುತ್ತಿರಬಹುದು ಎಂದುಕೊಂಡಿದ್ದೆ, ಅಳುತ್ತಿರಲಿಲ್ಲ. ರಸ್ತೆಯ ಆಟೋಗಳನ್ನು ನೋಡುತ್ತಲೇ ಹೇಳಿದಳು:

"ಮಗ್ಗ ಇದ್ರ ನಾ ನೇಯಾಕಿ, ಅಕ್ಕಾರ. ಮಗ್ಗ ಇಲ್ಲಂದ್ರ ನಾ ಬರೇ ಅವರ ಮನ್ಯಾಗ ಉಣ್ಣಾಕಿ."

ಗುಮಾಸ್ತನ ಹೆಂಡತಿಯಾಗಿ ಬಂದ ಊರಿನಲ್ಲಿ ನನ್ನದೇ ಒಂದು ಹಲಗೆ, ನನ್ನದೇ ಒಂದು ಕುರ್ಚಿ ಸಿಕ್ಕಿದ ದಿನ ನನಗೆ ಹೇಗಾಗಿತ್ತು ಎಂಬುದು ನನಗೆ ಗೊತ್ತಲ್ಲ. ಅಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳ ಕೇಳಿತು. ಹಿರೇಮಠ ಕಾಕಾ. ಅವರು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಇಳಿದು ನಿಂತರು.

"ಸೈಟ ಸಣ್ಣದಾತು ಅಂತ ನಿನ್ನ ಮಗ್ಗ ಹೋಗಿಲ್ಲವ್ವಾ. ನಾ ಅವಸರ ಮಾಡಿದೆ. ತಪ್ಪು ನಂದೈತಿ. ನಾಳೆ ಸಂಜೀತನಕಾ ನಿಮ್ಮ ಭಾವಾರಿಗೆ ತಡೀಲಿಕ್ಕೆ ಹೇಳು."

ಒಳಗೆ ಹೋಗಿ ಸಾಹೇಬರ ಹತ್ತಿರವೂ ಅಷ್ಟನ್ನೇ ಮರಾಠಿಯಲ್ಲಿ ಹೇಳಿ ಒಂದು ದಿನ ಕೇಳಿದರು. ಸಾಹೇಬರು ಗಡಿಯಾರ ನೋಡಿ, ತಲೆಯಾಡಿಸಿದರು.

ಕಾಕಾ ಕಂಪ್ಯೂಟರಿನ ಹತ್ತಿರ ಹೋಗಲಿಲ್ಲ. ಹಳೆಯ ಹಲಗೆಯ ಮೇಲೆ ಕೋಣೆಯನ್ನು ಕೈಯಿಂದ ಬರೆದು, ರಟ್ಟಿನಲ್ಲಿ ನಾಲ್ಕು ಮಗ್ಗಗಳನ್ನು ಅದೇ ಪ್ರಮಾಣಕ್ಕೆ ಕತ್ತರಿಸಿ, ಕೇರಂ ಕಾಯಿಗಳ ಹಾಗೆ ಸರಿಸುತ್ತ ಕೂತರು. ಉದ್ದುದ್ದ ಇಟ್ಟರು, ಅಡ್ಡ ಇಟ್ಟರು, ಎದುರುಬದುರು ಇಟ್ಟರು. ಎದುರುಬದುರು ಇಟ್ಟರೆ ಎರಡು ಮಗ್ಗಕ್ಕೆ ಕಿಟಕಿಯ ಬೆಳಕಿಲ್ಲ. ನಾನು ಇತ್ತ ಕಂಪ್ಯೂಟರಿನಲ್ಲಿ ಹಳೆಯ ನಕ್ಷೆಯನ್ನೂ ಕುಗ್ಗಿಸಿದ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡುತ್ತಿದ್ದೆ. ಸಾಹೇಬರು ಕಲಿಸಿದ ಚಟ, ಎರಡೂ ದಿಕ್ಕು ನೋಡುವುದು. ಉದ್ದ ಕಡಿಮೆಯಾಗಿತ್ತು, ಸರಿ. ಆಳವೂ, ಅಂದರೆ ರಸ್ತೆಯಿಂದ ಹಿಂದಕ್ಕೆ ಹೋಗುವ ಅಳತೆಯೂ, ಕಡಿಮೆಯಾಗಿತ್ತು. ಆಳ ಯಾಕೆ ಕಡಿಮೆಯಾಗಬೇಕು? ಪಕ್ಕದವನು ಒತ್ತಿದ್ದು ಉದ್ದದಲ್ಲಿ ಮಾತ್ರ. ಸೈಟಿನ ಆಳ ಎಷ್ಟಿತ್ತೋ ಅಷ್ಟೇ ಇತ್ತು. ಸ್ಕೇಲ್ ಆಜ್ಞೆಗೆ ದಿಕ್ಕಿನ ಗೊಡವೆ ಇಲ್ಲ, ಅದು ಎರಡೂ ಕಡೆ ಕುಗ್ಗಿಸುತ್ತದೆ. ಸಾಹೇಬರು ಪಾಯಖಾನೆಗೆಂದು ತೋರಿಸಿದ ಹಿಂದಿನ ಜಾಗ ಉಳಿದ ಜಾಗವೇ ಆಗಿರಲಿಲ್ಲ. ಅದು ಮಗ್ಗದ ಮನೆಯಿಂದ ಸುಮ್ಮನೆ ಕಳೆದುಹೋದ ಒಂದೂವರೆ ಅಡಿ.

"ಕಾಕಾ, ಹಿಂದ ಒಂದೂವರಿ ಅಡಿ ಐತ್ರಿ" ಎಂದು ನಾನು ಅಲ್ಲಿಂದಲೇ ಹೇಳಿದೆ.

ಅವರು ಕತ್ತೆತ್ತಿ ನನ್ನನ್ನು ನೋಡಿದರು, ರಟ್ಟಿನ ಮಗ್ಗಗಳನ್ನು ನೋಡಿದರು. ಎರಡನೆಯದನ್ನೂ ನಾಲ್ಕನೆಯದನ್ನೂ ಬೆರಳಿನಿಂದ ಹಿಂದಕ್ಕೆ ತಳ್ಳಿದರು. ಒಂದು ಮಗ್ಗ ಮುಂದೆ, ಒಂದು ಹಿಂದೆ, ಮತ್ತೊಂದು ಮುಂದೆ, ಮತ್ತೊಂದು ಹಿಂದೆ. ಹಾಗೆ ಇಟ್ಟಾಗ ಒಂದರ ಲಾಳಿ ಪೆಟ್ಟಿಗೆ ಇನ್ನೊಂದರ ಪೆಟ್ಟಿಗೆಯ ಹಿಂದೆ ಹಾದುಹೋಗುತ್ತಿತ್ತು, ಎರಡೂ ಒಂದಕ್ಕೊಂದು ಹೊಡೆಯುತ್ತಿರಲಿಲ್ಲ. ನಾಲ್ಕೂ ಮಗ್ಗ ಗೋಡೆಯಿಂದ ಈಚೆಗೆ ಬಂದವು. ಹಿಂದೆ ಸರಿದ ಎರಡಕ್ಕೆ ಬೆಳಕು ಕಡಿಮೆಯಾಗುತ್ತದಲ್ಲ ಎಂದೆ. ಅವುಗಳ ನೆತ್ತಿಗೆ ಗಾಜಿನ ಹಂಚು ಹಾಕಿದರಾಯಿತು ಎಂದರು ಕಾಕಾ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಚಿಕ್ಕ ಮಕ್ಕಳ ಹಾಗೆ ನಕ್ಕೆವು. ಅಷ್ಟು ಖುಷಿ ನನಗೆ ಯಾವ ದೊಡ್ಡ ಕಟ್ಟಡದಲ್ಲೂ ಆಗಿಲ್ಲ.

ಆಮೇಲಿನದು ಕಂಪ್ಯೂಟರಿನ ಕೆಲಸ. ಈ ಸಲ ಸ್ಕೇಲ್ ಮುಟ್ಟಲಿಲ್ಲ. ಮೂಲ ನಕ್ಷೆಯನ್ನೇ ತೆಗೆದು, ಸ್ಟ್ರೆಚ್ ಎಂಬ ಆಜ್ಞೆಯಿಂದ ಪಕ್ಕದ ಗೋಡೆಯನ್ನು ಮಾತ್ರ ಹಿಡಿದು ಒಳಗೆ ಎಳೆದೆ. ಗೋಡೆ ಸರಿಯಿತು, ಅದರ ದಪ್ಪ ಒಂಬತ್ತು ಇಂಚಾಗಿಯೇ ಉಳಿಯಿತು, ಬಾಗಿಲು ಬಾಗಿಲಾಗಿಯೇ ಉಳಿಯಿತು, ಮಗ್ಗ ಮಗ್ಗವಾಗಿಯೇ ಉಳಿಯಿತು. ಪಾಯಖಾನೆ ಅಂಗಳದ ಮೂಲೆಗೆ ಹೋಯಿತು. ಸಾಹೇಬರು ಎರಡೂ ದಿಕ್ಕಿಗೆ ತಾವೇ ಅಳೆದು ನೋಡಿ ಸಹಿ ಹಾಕಿದರು. ಮಲ್ಲಪ್ಪ, ಭಾಳ ಚಲೋ ಆತ್ರಿ ಎಂದು ನಾಲ್ಕು ಸಲ ಹೇಳಿದರು. ಕಂಡಿಕೆಯ ಮಾತು ತಮ್ಮ ಬಾಯಿಂದ ಬಂದದ್ದು ಅವರಿಗೂ ಕಸಿವಿಸಿಯಾಗಿತ್ತು ಎಂದು ಆಗ ಕಂಡಿತು. ಕಾಮಠಿಯಲ್ಲಿ ಹಳೆಯ ಸುಣ್ಣದ ಗೆರೆ ಅಳಿಸಿ ಹೊಸದನ್ನು ಎಳೆಯಲು ಕಾಕಾ ತಾವೇ ಹೋದರು.

ಅಂದಿನಿಂದ ನಮ್ಮ ಕಚೇರಿಯಲ್ಲಿ ಒಂದು ಪದ್ಧತಿ ಹುಟ್ಟಿತು. ಕಂಪ್ಯೂಟರಿನ ನಕ್ಷೆ ಪದರ ಪದರವಾಗಿ ಇರುತ್ತದೆ, ಒಂದೊಂದು ಪದರವನ್ನು ಬೇಕಾದರೆ ಬೀಗ ಹಾಕಿ ಇಡಬಹುದು. ಕುಗ್ಗಬಾರದ ವಸ್ತುಗಳಿಗೆಲ್ಲ ಕಾಕಾ ಒಂದು ಕೆಂಪು ಪದರ ಮಾಡಿದರು. ಮಗ್ಗ, ಮಂಚ, ಸ್ಟ್ರೆಚರ್, ಮೆಟ್ಟಿಲಿನ ಎತ್ತರ, ಶಾಲೆಯ ಬೆಂಚು, ಕೂತ ಮನುಷ್ಯ, ನಿಂತ ಮನುಷ್ಯ ಎಲ್ಲವೂ ಅದರಲ್ಲಿ. ಆ ಪದರಕ್ಕೆ ಯಾವಾಗಲೂ ಬೀಗ. ಹೊಸದಾಗಿ ಬಂದ ಹುಡುಗರು ಇಡೀ ನಕ್ಷೆಯನ್ನು ಆರಿಸಿ ಕುಗ್ಗಿಸಿದರೆ ಕೋಣೆ ಕುಗ್ಗುತ್ತಿತ್ತು, ಕೆಂಪು ಮಂಚ ಕುಗ್ಗದೆ ಗೋಡೆ ಒಡೆದುಕೊಂಡು ಹೊರಗೆ ಬರುತ್ತಿತ್ತು. ಅವರು ಯಂತ್ರ ಕೆಟ್ಟಿದೆ ಎಂದು ದೂರು ತರುತ್ತಿದ್ದರು. ಕಾಕಾ ಮೀಸೆಯಲ್ಲೇ ನಗುತ್ತ, ಯಂತ್ರ ಬರೋಬರ್ ಐತಿ, ನೀನೇ ನೋಡು ಎನ್ನುತ್ತಿದ್ದರು. ನಿವೃತ್ತಿಯ ತನಕ ಹೊಸಬರನ್ನೆಲ್ಲ ತಯಾರು ಮಾಡಿದವರು ಅವರೇ. ನಿಮ್ಮ ಕಚೇರಿಯಲ್ಲಿ ಅಂಥ ಪದರ ಇಲ್ಲದಿದ್ದರೆ ನಾಳೆಯೇ ಒಂದು ಮಾಡಿಕೊಳ್ಳಿ. ಬಣ್ಣ ಯಾವುದಾದರೂ ಆಗಲಿ.

ಮಗ್ಗದ ಮನೆ ಮುಗಿದಾಗ ಮಲ್ಲಪ್ಪ ನಮ್ಮಿಬ್ಬರನ್ನೂ ಕರೆದರು. ಕಾಕಾರೂ ನಾನೂ ಕಾಮಠಿಯ ಬಸ್ಸು ಹಿಡಿದು ಹೋದೆವು. ಒಳಗೆ ಕಾಲಿಟ್ಟ ತಕ್ಷಣ ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಗೋಡೆಗೆ ಗಿಲಾಯಿ ಆಗಿತ್ತು. ಗಿಲಾಯಿಯ ದಪ್ಪ ನಾವು ಹಿಡಿದದ್ದಕ್ಕಿಂತ ಹೆಚ್ಚಾಗಿದ್ದರೆ? ಕಾಕಾರಿಗೂ ಅದೇ ಯೋಚನೆ ಬಂದಿರಬೇಕು, ಜೇಬಿನಲ್ಲಿ ಟೇಪು ಹುಡುಕುತ್ತಿದ್ದರು. ಮೂರು ಮಗ್ಗಗಳು ಆಗಲೇ ನಡೆಯುತ್ತಿದ್ದವು. ಒಂದಾದ ಮೇಲೆ ಒಂದು ಲಾಳಿಯ ಸದ್ದು. ನಾಲ್ಕನೆಯದಕ್ಕೆ ಮಲ್ಲಪ್ಪನ ಮಗ ಹಾಸಿನ ನೂಲು ಬಿಗಿದು ಕೊಟ್ಟು ಬದಿಗೆ ನಿಂತ.

ಗಂಗವ್ವ ಸೆರಗು ಸಿಕ್ಕಿಸಿಕೊಂಡು ಕುಣಿಗೆ ಇಳಿದಳು. ನೆತ್ತಿಯ ಗಾಜಿನ ಹಂಚಿನಿಂದ ಬಿಸಿಲು ನೇರ ಅವಳ ಕೈಮೇಲೆ ಬೀಳುತ್ತಿತ್ತು. ಪಕ್ಕದ ಮಗ್ಗದ ಪೆಟ್ಟಿಗೆ ಮುಂದೆ ಹಾದು ಹೋಯಿತು, ಇವಳದು ಹಿಂದೆ ನಿಂತಿತ್ತು. ಗೋಡೆಯ ಕಡೆಯ ತುದಿ ಚೆನ್ನಾಗಿ ಕಾಣಲೆಂದು ನಾನು ಗೋಡೆಗೂ ಮಗ್ಗಕ್ಕೂ ನಡುವೆ ಹೋಗಿ ನಿಂತೆ. ಅವಳು ಲಾಳಿ ಎಳೆಯುವ ಹಗ್ಗಕ್ಕೆ ಕೈಹಾಕಿದವಳು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಒಂದೀಟ ಆಚಿ ಸರೀರಿ, ಅಕ್ಕಾರ. ಲಾಳಿ ಒಗೀಬೇಕು."

ನಾನು ಸರಿದೆ.